ಲರ್ನ್ಟೋ ಲರ್ನ್ಡೋ: ಇಂಗ್ಲಿಷ್ ಕ್ರಿಯಾಪದಗಳ ಪೈಪೋಟಿಯನ್ನು ಎಣಿಸಿ ನೋಡುವ ಬಗೆ

ಮಂಡ್ಯ, ಮೈಸೂರು ಕಡೆಯ ಶಾಲೆಗಳಲ್ಲಿ ಇಂಗ್ಲಿಷ್ ಕ್ರಿಯಾಪದ ಅಂದರೆ ವಿ-1, ವಿ-2, ವಿ-3 ಪಟ್ಟಿ: ವಿ-1 ಮೂಲರೂಪ, ವಿ-2 ಭೂತಕಾಲದ ರೂಪ, ವಿ-3 ‘ಹ್ಯಾವ್’, ‘ಹ್ಯಾಡ್’ ಜೊತೆ ಬರುವ ರೂಪ. ಗೋ, ವೆಂಟ್, ಗಾನ್. ಕ್ಯಾಚ್, ಕಾಟ್, ಕಾಟ್. ಒಂದೊಂದು ಕಾಲಮ್ಮಿಗೆ ಒಂದೊಂದೇ ರೂಪ. ಆದರೆ ಲರ್ನ್, ಬರ್ನ್, ಡ್ರೀಮ್, ಸ್ಪೆಲ್, ಲೈಟ್, ಪ್ರೂವ್ ಮುಂತಾದ ಹತ್ತಾರು ಕ್ರಿಯಾಪದಗಳಿಗೆ ಆ ಕಾಲಮ್ಮಿನಲ್ಲಿ ಇಬ್ಬರು ಹಕ್ಕುದಾರರಿದ್ದಾರೆ. ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂಬುದನ್ನು ಕಿವಿಗೆ ಬಿದ್ದದ್ದರ ಮೇಲೆ ಹೇಳಲಾಗದು, ಎಣಿಸಬೇಕು. ಎಣಿಸುವುದರಲ್ಲಿ ಎಡವುವ ಜಾಗಗಳು ಬಹಳ. ಬಿಎ, ಎಂಎ ಪ್ರಾಜೆಕ್ಟ್ ಮಾಡುವವರಿಗೂ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರುಗಳಿಗೂ ಆಗಲಿ ಎಂದು ಆ ಕ್ರಮವನ್ನು ಇಲ್ಲಿ ಬರೆದಿದೆ. ಬೇಕಾದದ್ದು ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್, ಒಂದು ಸ್ಪ್ರೆಡ್‌ಶೀಟ್, ಮತ್ತು ಸಾಲು ಸಾಲಾಗಿ ಓದುವ ತಾಳ್ಮೆ.

ಮೊದಲು ಜೋಡಿ ಆರಿಸಿ

ಪೈಪೋಟಿಯಲ್ಲಿ ನಾಲ್ಕು ಬಗೆ ಇದೆ. ಮೊದಲನೆಯದು ‘ಟಿ’ಗೂ ‘ಇಡಿ’ಗೂ ನಡುವಿನದು: ಲರ್ನ್ಟ್–ಲರ್ನ್ಡ್, ಬರ್ನ್ಟ್–ಬರ್ನ್ಡ್, ಡ್ರೆಮ್ಟ್–ಡ್ರೀಮ್ಡ್. ಎರಡನೆಯದರಲ್ಲಿ ಸ್ವರ ಬದಲಾದ ರೂಪಕ್ಕೂ ‘ಇಡಿ’ ರೂಪಕ್ಕೂ ಪೈಪೋಟಿ: ಸ್ನಕ್–ಸ್ನೀಕ್ಡ್, ಡೋವ್–ಡೈವ್ಡ್, ಲಿಟ್–ಲೈಟೆಡ್. ಮೂರನೆಯದು ವಿ-3ರ ಕಾಲಮ್ಮಿನದು: ಪ್ರೂವನ್–ಪ್ರೂವ್ಡ್, ಗಾಟನ್–ಗಾಟ್. ನಾಲ್ಕನೆಯದರಲ್ಲಿ ಬದಲಾಗದ ರೂಪಕ್ಕೆ ‘ಇಡಿ’ ಎದುರಾಳಿ: ಬ್ರಾಡ್‌ಕಾಸ್ಟ್–ಬ್ರಾಡ್‌ಕಾಸ್ಟೆಡ್, ವೆಡ್–ವೆಡ್ಡೆಡ್. ಹೊಸಬರು ಮೊದಲನೆಯದರಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಸಾಮಗ್ರಿ ಧಾರಾಳವಾಗಿ ಸಿಗುತ್ತದೆ.

ಅರ್ಥ ಹಂಚಿಕೊಂಡಿರುವ ಜೋಡಿಯನ್ನು ಮುಟ್ಟಬೇಡಿ. ಹಂಗ್ ಅಂದರೆ ನೇತುಹಾಕಿದ, ಹ್ಯಾಂಗ್ಡ್ ಅಂದರೆ ಗಲ್ಲಿಗೇರಿಸಿದ. ಅಲ್ಲಿ ಪೈಪೋಟಿ ಹೆಚ್ಚುಕಡಿಮೆ ಮುಗಿದು ರಾಜಿಯಾಗಿದೆ. ಕನ್ನಡದ ‘ಕಾಯು’ವಿನಲ್ಲೂ ಇಂಥದೇ ಒಲವಿದೆ: ಬಸ್ಸಿಗೆ ಕಾದ, ದನ ಕಾಯ್ದ. ಇವೆರಡನ್ನು ಒಟ್ಟಿಗೆ ಎಣಿಸಿ ಶೇಕಡಾ ತೆಗೆದರೆ ಊರಿನಲ್ಲಿ ದನ ಎಷ್ಟಿವೆ, ಬಸ್ಸು ಎಷ್ಟು ತಡ ಎಂಬುದು ತಿಳಿದೀತೇ ಹೊರತು ಭಾಷೆಯ ಬದಲಾವಣೆ ತಿಳಿಯದು.

ಬದಲಾವಣೆ ಯಾಕಾಗುತ್ತದೆ ಎಂಬುದನ್ನು ಇಷ್ಟು ತಿಳಿದಿರಿ

ಹಳೆಯ ಇಂಗ್ಲಿಷಿನಲ್ಲಿ ಸ್ವರ ಬದಲಿಸಿ ಭೂತಕಾಲ ಮಾಡುವ ಕ್ರಿಯಾಪದಗಳು ಏಳು ವರ್ಗಗಳಲ್ಲಿ ಇದ್ದವು. ಅವುಗಳಲ್ಲಿ ಬಹಳಷ್ಟು ನಿಧಾನವಾಗಿ ‘ಇಡಿ’ ಕಡೆಗೆ ಜಾರಿದವು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹೆಲ್ಪ್‌ನ ವಿ-3 ‘ಹೋಲ್ಪನ್’ ಎಂದೂ ಇದೆ; ಈಗ ಹೆಲ್ಪ್ಡ್ ಬಿಟ್ಟು ಬೇರೆ ಇಲ್ಲ. 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯತ (‘ಇಡಿ’ ದಾರಿ ಹಿಡಿಯದ) ಕ್ರಿಯಾಪದಗಳ ಜಾಡು ಹಿಡಿಯಿತು. ಮಧ್ಯಕಾಲದ ಇಂಗ್ಲಿಷಿಗೆ ಬರುವಷ್ಟರಲ್ಲಿ 145, ಇಂದಿಗೆ 98 ಅನಿಯತವಾಗಿಯೇ ಉಳಿದಿವೆ. ಬಳಕೆ ಹೆಚ್ಚಿದಷ್ಟೂ ಆಯುಸ್ಸು ಹೆಚ್ಚು, ಅದೂ ವರ್ಗಮೂಲದ ಲೆಕ್ಕದಲ್ಲಿ: ನೂರು ಪಟ್ಟು ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದ ಹತ್ತು ಪಟ್ಟು ನಿಧಾನವಾಗಿ ನಿಯತವಾಗುತ್ತದೆ. ಬಿ, ಹ್ಯಾವ್, ಡು, ಗೋ ಅಲ್ಲಾಡದೆ ಕೂತಿರುವುದು ಇದಕ್ಕೇ. ಆದರೆ ಇದು ಇಡೀ ಗುಂಪಿನ ಸರಾಸರಿ. ಒಂದೇ ಕ್ರಿಯಾಪದದ ಭವಿಷ್ಯ ಹೇಳಲು ಇದನ್ನು ಬಳಸಬೇಡಿ.

ಹಾಗೆಂದು ಓಟ ಒಂದೇ ದಿಕ್ಕಿನದು ಅಂದುಕೊಂಡರೆ ತಪ್ಪುತ್ತೀರಿ. ವೇರ್ ಹಿಂದೆ ನಿಯತವಾಗಿತ್ತು, ಬೇರ್–ಬೋರ್ ನೋಡಿ ವೋರ್ ಆಯಿತು. ಅದೇ 1611ರ ಬೈಬಲ್ಲಿನಲ್ಲಿ ‘ಡಿಗ್ಡ್’ ಇದೆ, ಈಗ ಎಲ್ಲರೂ ಡಗ್ ಅನ್ನುತ್ತಾರೆ. ಕ್ಯಾಚ್ ಫ್ರೆಂಚಿನಿಂದ ಬಂದ ಪದ, ಬಂದ ಮೇಲೆ ಅನಿಯತವಾಯಿತು. ಸ್ನಕ್ ಅಂತೂ ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೆ ಹುಟ್ಟಿದ ಕೂಸು.

ವಿದ್ಯಾರ್ಥಿಗಳಿಗೆ ಇದು ಅರ್ಥವಾಗಬೇಕಾದರೆ ಕನ್ನಡದಿಂದಲೇ ಶುರು ಮಾಡಿ. ಹಳಗನ್ನಡದಲ್ಲಿ ಬಿೞ್ದಂ, ಪೇೞ್ದಂ, ಬಾೞ್ದಂ ಮೂರೂ ಒಂದೇ ಅಚ್ಚಿನವು. ಮೊದಲನೆಯದು ‘ಬಿದ್ದ’ ಆಗಿ ಅನಿಯತವಾಗಿಯೇ ಉಳಿಯಿತು, ಉಳಿದೆರಡು ‘ಹೇಳಿದ’, ‘ಬಾಳಿದ’ ಆಗಿ ‘ಮಾಡಿದ’ನ ಸಾಲಿಗೆ ಸೇರಿದವು. ಇವತ್ತಿಗೂ ನಡೆಯುತ್ತಿರುವ ಪೈಪೋಟಿ ಬೇಕೆಂದರೆ ಹೂಳಿದ–ಹೂತ, ಗೌರವ ಸಲ್ಲಿತು–ಸಂದಿತು ಇವೆ. ಹೊಸದಾಗಿ ಒಳಬರುವ ಪದಗಳು ಮಾತ್ರ ಎರಡೂ ಭಾಷೆಗಳಲ್ಲಿ ಸುಲಭದ ದಾರಿ ಹಿಡಿಯುತ್ತವೆ: ಅಲ್ಲಿ ‘ಗೂಗಲ್ಡ್’, ಇಲ್ಲಿ ‘ಗೂಗಲ್ ಮಾಡಿದ’.

ಎಣಿಕೆ: ಎನ್‌ಗ್ರಾಮ್ ವ್ಯೂವರ್

ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ವ್ಯೂವರ್ 2010ರ ಡಿಸೆಂಬರಿನಲ್ಲಿ ಬಂತು. 1500ರಿಂದ 2022ರವರೆಗಿನ ಮುದ್ರಿತ ಪುಸ್ತಕಗಳಲ್ಲಿ ಒಂದು ಪದ ಅಥವಾ ಪದಗುಚ್ಛ ವರ್ಷಕ್ಕೆ ಎಷ್ಟು ಶೇಕಡಾ ಬಂದಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ದುಡ್ಡು ಬೇಡ, ಲಾಗಿನ್ ಬೇಡ.

ಕ್ರಮ ಹೀಗೆ. ಪದಗಳನ್ನು ರೋಮನ್ ಲಿಪಿಯಲ್ಲೇ ಟೈಪ್ ಮಾಡಿ, ನಡುವೆ ಅಲ್ಪವಿರಾಮ ಹಾಕಿ. ಒಂಟಿ ಪದ ಹಾಕಬೇಡಿ, ಚೌಕಟ್ಟು ಹಾಕಿ: ವಿ-2 ಬೇಕಾದರೆ ಪದಕ್ಕೆ ಮೊದಲು ‘ಹಿ’, ‘ಶಿ’, ‘ದೇ’, ವಿ-3 ಬೇಕಾದರೆ ‘ಹ್ಯಾಡ್’, ‘ಹ್ಯಾವ್’. ವರ್ಷವನ್ನು 1800ರಿಂದ ಇಡಿ. ಕಾರ್ಪಸ್ (ಎಣಿಸಲೆಂದು ಕಲೆಹಾಕಿದ ಬರಹಗಳ ಸಂಗ್ರಹ) ಪಟ್ಟಿಯಲ್ಲಿ ಅಮೆರಿಕನ್ ಇಂಗ್ಲಿಷ್, ಬ್ರಿಟಿಷ್ ಇಂಗ್ಲಿಷ್ ಎರಡನ್ನೂ ಬೇರೆ ಬೇರೆಯಾಗಿ ನೋಡಿ; ಬರೀ ‘ಇಂಗ್ಲಿಷ್’ ಎಂಬುದನ್ನು ಆರಿಸಿದರೆ ಎರಡೂ ಕಲಸಿಹೋಗುತ್ತವೆ. ಸ್ಮೂದಿಂಗ್ ತಾನಾಗಿ 3ರಲ್ಲಿ ಇರುತ್ತದೆ. ಅಂದರೆ ಆ ವರ್ಷವೂ ಸೇರಿ ಹಿಂದಿನ ಮೂರು, ಮುಂದಿನ ಮೂರು ವರ್ಷಗಳ ಸರಾಸರಿ. ನೋಡಲು ಅದು ಚೆಂದ, ಅಂಕಿ ಬರೆದುಕೊಳ್ಳುವಾಗ 0 ಮಾಡಿ.

ಈಗ ಮುಖ್ಯ ಹೆಜ್ಜೆ. ಲರ್ನ್ಟ್‌ನ ಗೆರೆ ಇಳಿಯಿತು ಎಂದ ಮಾತ್ರಕ್ಕೆ ಅದು ಸೋತಂತಲ್ಲ. ‘ಕಲಿ’ ಎಂಬ ಕ್ರಿಯೆಯ ಮಾತೇ ಪುಸ್ತಕಗಳಲ್ಲಿ ಕಡಿಮೆಯಾಗಿರಬಹುದು. ಆದ್ದರಿಂದ ಲರ್ನ್ಟ್ ಅನ್ನು ಲರ್ನ್ಟ್ ಮತ್ತು ಲರ್ನ್ಡ್ ಎರಡರ ಮೊತ್ತದಿಂದ ಭಾಗಿಸಬೇಕು. ವ್ಯೂವರ್‌ನ ಪೆಟ್ಟಿಗೆಯಲ್ಲೇ ಕೂಡಿಸುವ ಚಿಹ್ನೆ, ಓರೆಗೆರೆ, ಆವರಣ ಬಳಸಿ ಈ ಸೂತ್ರ ಬರೆಯಬಹುದು; ಚಿಹ್ನೆಗಳ ಎರಡೂ ಕಡೆ ಒಂದೊಂದು ಜಾಗ ಬಿಡಿ. ಫಲಿತಾಂಶ 0ಕ್ಕೂ 1ಕ್ಕೂ ನಡುವೆ ಬರುತ್ತದೆ. 0.5 ದಾಟಿದ ವರ್ಷವೇ ಮೇಲುಗೈ ಬದಲಾದ ವರ್ಷ. ಪ್ರಾಜೆಕ್ಟುಗಳಲ್ಲಿ ಕಾಣುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಈ ಭಾಗಾಕಾರ ಮಾಡದೆ ಬಂದವು.

ನಲವತ್ತಕ್ಕಿಂತ ಕಡಿಮೆ ಪುಸ್ತಕಗಳಲ್ಲಿ ಬಂದ ಗುಚ್ಛವನ್ನು ವ್ಯೂವರ್ ತೋರಿಸುವುದೇ ಇಲ್ಲ. ಗೆರೆ ಸೊನ್ನೆಯಲ್ಲಿದೆ ಎಂದರೆ ರೂಪವೇ ಇರಲಿಲ್ಲ ಎಂದು ಬರೆಯಬೇಡಿ.

ಎಡವುವ ಜಾಗಗಳು

ಒಂದೇ ಕಾಗುಣಿತ, ಬೇರೆ ಪದ. ದೊಡ್ಡ ಮೋಸ ಇಲ್ಲೇ. ಡೋವ್ ಎಂದು ಓದುವ ಕ್ರಿಯಾಪದಕ್ಕೂ ಡವ್ ಎಂದು ಓದುವ ಪಾರಿವಾಳಕ್ಕೂ ಅಕ್ಷರ ಒಂದೇ. ಒಂಟಿಯಾಗಿ ಹುಡುಕಿದರೆ ನೀವು ಎಣಿಸುವುದು ಹಕ್ಕಿಯನ್ನು. ಸ್ಪೆಲ್ಟ್ ಗೋಧಿಯ ಜಾತಿಯ ಒಂದು ಧಾನ್ಯವೂ ಹೌದು. ಸ್ಮೆಲ್ಟ್ ಒಂದು ಮೀನು, ಜೊತೆಗೆ ಅದಿರು ಕರಗಿಸುವ ಕ್ರಿಯೆ. ವೋಕ್ ಈಚಿನ ವರ್ಷಗಳಲ್ಲಿ ರಾಜಕೀಯದ ವಿಶೇಷಣವಾಗಿ ಓಡಾಡುತ್ತಿದೆ, ಅದನ್ನು ವೇಕ್‌ನ ಲೆಕ್ಕಕ್ಕೆ ಹಾಕಿದರೆ 2010ರ ನಂತರ ಇಲ್ಲದ ಏರಿಕೆ ಕಾಣುತ್ತದೆ. ‘ಶಿ ಡೋವ್’, ‘ಹಿ ವೋಕ್’ ಎಂದು ಸರ್ವನಾಮ ಸೇರಿಸಿದರೆ ಈ ಕಸದ ಬಹುಪಾಲು ಉದುರುತ್ತದೆ.

ವಿಶೇಷಣ. ಬರ್ನ್ಟ್ ಕ್ರಿಯಾಪದವಾಗಿ ಸೋತ ಕಡೆಯೂ ವಿಶೇಷಣವಾಗಿ ಗಟ್ಟಿಯಾಗಿ ಕೂತಿರುತ್ತದೆ: ಬರ್ನ್ಟ್ ಟೋಸ್ಟ್, ಬರ್ನ್ಟ್ ಬ್ರಿಕ್. ಲರ್ನ್‌ನಲ್ಲಿ ತದ್ವಿರುದ್ಧ. ‘ಲರ್-ನೆಡ್’ ಎಂದು ಎರಡು ತುಂಡಾಗಿ ಓದುವ ವಿಶೇಷಣಕ್ಕೂ ಕ್ರಿಯಾಪದ ಲರ್ನ್ಡ್‌ಗೂ ಕಾಗುಣಿತ ಒಂದೇ. ನಮ್ಮ ಕೋರ್ಟ್ ವರದಿಗಳಲ್ಲಿ ‘ಲರ್ನೆಡ್ ಕೌನ್ಸೆಲ್’, ‘ಲರ್ನೆಡ್ ಜಡ್ಜ್’ ಪುಟಕ್ಕೆ ಹತ್ತು ಬರುವುದುಂಟು. ಅವನ್ನು ತೆಗೆಯದೆ ಎಣಿಸಿದರೆ ಭಾರತದವರೆಲ್ಲ ಅಮೆರಿಕನ್ ರೂಪಕ್ಕೆ ಹೋಗಿಬಿಟ್ಟರು ಅನ್ನಿಸುತ್ತದೆ. ಇಲ್ಲಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಇಟ್ ಈಸ್ ಲರ್ನ್ಟ್’ ಅನ್ನುವುದು ‘ತಿಳಿದುಬಂದಿದೆ’ ಇದ್ದ ಹಾಗೆ, ಅಚ್ಚು ಹಾಕಿದ ಮಾತು. ಅದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಅದು ಇನ್ನೊಂದು ಕಡೆಗೆ ಎಳೆಯುತ್ತದೆ.

ಉದ್ದ ‘ಎಸ್’. 1800ರ ಆಸುಪಾಸಿನವರೆಗೆ ಇಂಗ್ಲಿಷ್ ಮುದ್ರಣದಲ್ಲಿ ಪದದ ಮೊದಲಿಗೂ ನಡುವೆಯೂ ಬರುತ್ತಿದ್ದ ‘ಎಸ್’ಗೆ ‘ಎಫ್’ ಹೋಲುವ ಅಚ್ಚು ಇತ್ತು. ಸ್ಕ್ಯಾನ್ ಮಾಡಿದ ಯಂತ್ರ ಅದನ್ನು ಹಲವು ಕಡೆ ‘ಎಫ್’ ಎಂದೇ ಓದಿರುತ್ತದೆ. ಸ್ಪೆಲ್, ಸ್ಪಿಲ್, ಸ್ಮೆಲ್, ಸ್ನೀಕ್ ಎಲ್ಲವೂ ಹೀಗೆ ಕೆಡುತ್ತವೆ. ಬರ್ನ್, ಲರ್ನ್, ಡ್ರೀಮ್‌ಗಳಲ್ಲಿ ‘ಎಸ್’ ಇಲ್ಲದ್ದರಿಂದ ಇನ್ನೂ ಹಿಂದಕ್ಕೆ ಹೋಗಬಹುದು.

ಮರುಮುದ್ರಣ. ಪುಸ್ತಕ ಅಚ್ಚಾದ ವರ್ಷವೇ ಲೆಕ್ಕಕ್ಕೆ ಬರುತ್ತದೆ, ಬರೆದ ವರ್ಷವಲ್ಲ. 1850ರ ಕಾದಂಬರಿ 1990ರಲ್ಲಿ ಮತ್ತೆ ಅಚ್ಚಾದರೆ ಅದರ ಹಳೆಯ ರೂಪಗಳು 1990ಕ್ಕೆ ಜಮೆ. ಹಾಗಾಗಿ ಸೋಲುತ್ತಿರುವ ರೂಪ ಗೆರೆಯಲ್ಲಿ ನಿಜಕ್ಕಿಂತ ನಿಧಾನವಾಗಿ ಸಾಯುವಂತೆ ಕಾಣಬಹುದು.

ವಿ-2, ವಿ-3 ಬೆರಕೆ. ಎರಡೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. 18ನೇ ಶತಮಾನದಲ್ಲಿ ಓದು ಬಲ್ಲವರೇ ‘ಹ್ಯಾಡ್ ರೋಟ್’ ಎಂದು ಬರೆಯುತ್ತಿದ್ದರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅದು ತಪ್ಪು ಎಂದು ದೊಡ್ಡವರ ಸಾಲುಗಳನ್ನೇ ಎತ್ತಿ ತೋರಿಸಿದ. ಇಂಥ ಕ್ರಿಯಾಪದಗಳಿಗೆ ಎರಡು ಹಾಳೆ ಇಡಿ.

ಭಾರತದ ಇಂಗ್ಲಿಷ್ ಎಲ್ಲಿ ಎಣಿಸುವುದು?

ಎನ್‌ಗ್ರಾಮ್‌ನಲ್ಲಿ ಭಾರತಕ್ಕೆ ಬೇರೆ ಕಾರ್ಪಸ್ ಇಲ್ಲ. ಗ್ಲೋಬ್ ಎಂದು ಕರೆಯುವ ವೆಬ್ ಇಂಗ್ಲಿಷ್ ಕಾರ್ಪಸ್ ಬಳಸಿ: 20 ದೇಶಗಳು, ಸುಮಾರು 190 ಕೋಟಿ ಪದಗಳು, ಭಾರತಕ್ಕೆ ಪ್ರತ್ಯೇಕ ಕಾಲಮ್. ಉಚಿತವಾಗಿ ಹೆಸರು ನೋಂದಾಯಿಸಬೇಕು, ದಿನಕ್ಕೆ ಇಷ್ಟೇ ಹುಡುಕಾಟ ಎಂಬ ಮಿತಿಯೂ ಇದೆ. ಇದರಲ್ಲಿ ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಸಾಲುಗಳೇ ತೆರೆದುಕೊಳ್ಳುತ್ತವೆ. ಕನಿಷ್ಠ 50 ಸಾಲು ಕಣ್ಣಾರೆ ಓದಿ, ಎಷ್ಟು ನಿಜವಾದ ಕ್ರಿಯಾಪದ, ಎಷ್ಟು ಕಸ ಎಂದು ಬರೆದುಕೊಳ್ಳಿ. 50ರಲ್ಲಿ 10 ಕಸವಾದರೆ ಒಟ್ಟು ಅಂಕಿಯಿಂದ ಐದನೇ ಒಂದು ಭಾಗ ಕಳೆಯಿರಿ.

ಹಿಂದಿನ ಕಾಲಕ್ಕೆ ಕೊಲ್ಹಾಪುರ ಕಾರ್ಪಸ್ ಇದೆ. 1978ರ ಭಾರತೀಯ ಇಂಗ್ಲಿಷ್ ಬರಹ, ಹತ್ತು ಲಕ್ಷ ಪದ. ಅದೇ ಅಳತೆಯ ಅಮೆರಿಕನ್ ಬ್ರೌನ್ ಕಾರ್ಪಸ್, ಬ್ರಿಟಿಷ್ ಎಲ್‌ಒಬಿ ಕಾರ್ಪಸ್ ಎರಡೂ 1961ರವು. ಹತ್ತು ಲಕ್ಷ ಕೇಳಲು ದೊಡ್ಡದು, ಆದರೆ ಅಪರೂಪದ ಕ್ರಿಯಾಪದಕ್ಕೆ ಸಾಲದು.

ನಮ್ಮ ಸೀಮೆಯದೇ ಸಾಮಗ್ರಿ ಬೇಕೆನ್ನುವವರಿಗೆ ಒಳ್ಳೆಯ ದಾರಿ ಇದೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಈ ಭಾಗ ಸುತ್ತಿ ಬರೆದದ್ದು 1807ರಲ್ಲಿ ಅಚ್ಚಾಯಿತು. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1870ರ ದಶಕದಲ್ಲಿ ಬಂದು 1897ರಲ್ಲಿ ಪರಿಷ್ಕಾರಗೊಂಡಿತು. ಸಿ. ಹಯವದನರಾಯರ ಗೆಜೆಟಿಯರ್ 1927–30ರದು. ಮೂರೂ ಇಂಗ್ಲಿಷಿನವು, ಮೂರರ ವಿಷಯವೂ ಕೆರೆ, ಕಾಲುವೆ, ಕಬ್ಬು, ಭತ್ತ, ಊರು. ವಿಷಯ ಒಂದೇ ಆದ್ದರಿಂದ ಒಂದೇ ಕ್ರಿಯಾಪದಗಳು ಮತ್ತೆ ಮತ್ತೆ ಬರುತ್ತವೆ: ಅಗೆದದ್ದು, ಸುಟ್ಟದ್ದು, ಸಾಬೀತಾದದ್ದು. ಸ್ಕ್ಯಾನ್ ಪ್ರತಿಯ ಪಠ್ಯವನ್ನು ಇಳಿಸಿಕೊಂಡು ಒಂದೊಂದು ರೂಪವನ್ನೂ ಹುಡುಕಿ, ಪುಟಸಂಖ್ಯೆ ಸಮೇತ ಸ್ಪ್ರೆಡ್‌ಶೀಟಿಗೆ ಹಾಕಿ. ಕಾಲಮ್ಮುಗಳು: ವರ್ಷ, ಪುಟ, ಇಡೀ ವಾಕ್ಯ, ರೂಪ, ವಿ-2 ಅಥವಾ ವಿ-3 ಅಥವಾ ವಿಶೇಷಣ, ಉಲ್ಲೇಖವೋ ಲೇಖಕರ ಸ್ವಂತ ವಾಕ್ಯವೋ.

ಕೊನೆಯ ಕಾಲಮ್ಮನ್ನು ಬಿಡಬೇಡಿ. ಗೆಜೆಟಿಯರುಗಳಲ್ಲಿ ಹಿಂದಿನವರ ಬರಹದಿಂದ ಎತ್ತಿದ ಭಾಗಗಳು ಉದ್ದುದ್ದಕ್ಕೆ ಇರುತ್ತವೆ. ಪರಿಷ್ಕೃತ ಆವೃತ್ತಿಯಲ್ಲಿ ಮೊದಲ ಆವೃತ್ತಿಯ ಸಾಲುಗಳು ಹಾಗೇ ಉಳಿದಿರುತ್ತವೆ. ಒಂದೇ ವಾಕ್ಯವನ್ನು ಎರಡು ಕಾಲಕ್ಕೆ ಎಣಿಸಿದಂತಾಗುತ್ತದೆ. ಇನ್ನೂ ಒಂದು ತೊಡಕು: ಬುಕಾನನ್ ಸ್ಕಾಟ್ಲೆಂಡಿನವರು, ಹಯವದನರಾಯರು ಭಾರತದವರೇ. ರೂಪ ಬದಲಾದದ್ದು ಕಾಲದಿಂದಲೋ ಬರೆದವರ ಊರಿನಿಂದಲೋ ಎಂದು ಈ ಮೂರರಿಂದ ತೀರ್ಮಾನವಾಗದು. ಪ್ರಾಜೆಕ್ಟಿನಲ್ಲಿ ಆ ಮಿತಿಯನ್ನು ಬರೆದುಬಿಡಿ. ಬರೆದರೆ ಅಂಕ ಕಡಿಮೆಯಾಗುವುದಿಲ್ಲ, ಬರೆಯದಿದ್ದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಎಷ್ಟು ಸಿಕ್ಕರೆ ಸಾಕು?

ಸುಲಭದ ಲೆಕ್ಕ: 100ನ್ನು ಒಟ್ಟು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಬಂದದ್ದು ನಿಮ್ಮ ಶೇಕಡಾವಾರಿನ ಎರಡೂ ಬದಿಯ ಸಡಿಲ. ಎರಡು ರೂಪ ಸೇರಿ 25 ಸಿಕ್ಕರೆ ಸಡಿಲ 20, 100 ಸಿಕ್ಕರೆ 10, 400 ಸಿಕ್ಕರೆ 5. ಒಂದು ದಶಕದಲ್ಲಿ 100ಕ್ಕೆ 70 ಲರ್ನ್ಟ್, ಮುಂದಿನದರಲ್ಲಿ 100ಕ್ಕೆ 60 ಎಂದು ಬಂತು ಅನ್ನಿ. ಮೊದಲನೆಯದು 60ರಿಂದ 80ರ ನಡುವೆ ಎಲ್ಲಾದರೂ ಇರಬಹುದು, ಎರಡನೆಯದು 50ರಿಂದ 70. ಒಂದರ ಮೇಲೊಂದು ಹಾಸಿಕೊಂಡಿವೆ, ಇಳಿಯಿತು ಎನ್ನಲಾಗದು. ಅದೇ ಶೇಕಡಾ 400–400ರಿಂದ ಬಂದಿದ್ದರೆ 65–75, 55–65. ಆಗ ಇಳಿಯಿತು ಎನ್ನಬಹುದು. 25ಕ್ಕಿಂತ ಕಡಿಮೆ ಇದ್ದಲ್ಲಿ ಶೇಕಡಾ ಹಾಕದೆ ಸಂಖ್ಯೆಯನ್ನಷ್ಟೇ ಕೊಡಿ. ಈ ಲೆಕ್ಕ ಬಿಡಿಬಿಡಿಯಾಗಿ ಸಿಕ್ಕ ಉದಾಹರಣೆಗಳಿಗೆ. ಒಬ್ಬರೇ ಲೇಖಕರ ಒಂದೇ ಪುಸ್ತಕದಿಂದ 400 ಹೆಕ್ಕಿದರೆ ಅದು ಅವರೊಬ್ಬರ ರೂಢಿ ಮಾತ್ರ.

ಗೆರೆಯನ್ನು ಓದುವುದು

ಗೆರೆ ಏರಿತು ಅಂದ ಕೂಡಲೇ ಕಾರಣ ಹುಡುಕಲು ಹೊರಡಬೇಡಿ. ಕೆಲವು ರೂಪಗಳು ಯಾವ ಒತ್ತಡವೂ ಇಲ್ಲದೆ ಆಕಸ್ಮಿಕವಾಗಿಯೇ ಏರಿಳಿಯುತ್ತವೆ. ಅಪರೂಪದ ಕ್ರಿಯಾಪದಗಳಲ್ಲಿ ಇದು ಹೆಚ್ಚು. 2017ರಲ್ಲಿ ನೇಚರ್‌ನಲ್ಲಿ ಬಂದ ಇನ್ನೊಂದು ಅಧ್ಯಯನ ಅಮೆರಿಕನ್ ಇಂಗ್ಲಿಷಿನ 36 ಕ್ರಿಯಾಪದಗಳನ್ನು ಈ ಕಣ್ಣಿನಿಂದ ನೋಡಿತು. ಆಕಸ್ಮಿಕ ಎಂದು ತಳ್ಳಿಹಾಕಲಾಗದಂಥವು ಆರು ಮಾತ್ರ. ಅವುಗಳಲ್ಲಿ ಲಿಟ್, ವೋಕ್, ಸ್ನಕ್, ಡೋವ್ ನಾಲ್ಕೂ ಅನಿಯತದ ಕಡೆಗೇ ಓಡಿದಂಥವು. ವೀವ್ಡ್, ಸ್ಮೆಲ್ಡ್ ಎರಡು ನಿಯತದ ಕಡೆಗೆ. ಕಾರು ಬಂದ ಮೇಲೆ ಡ್ರೋವ್ ಎಂಬ ಪದದ ಬಳಕೆ ಹೆಚ್ಚಿ, ಅದರ ಪ್ರಾಸಕ್ಕೆ ಡೋವ್ ಸೇರಿಕೊಂಡಿರಬಹುದು ಎಂಬ ಊಹೆಯೂ ಅಲ್ಲಿದೆ. ಊಹೆ ಎಂದೇ ಬರೆಯಿರಿ. ಇಂಥ ಪರೀಕ್ಷೆಯ ಉತ್ತರ ವರ್ಷಗಳನ್ನು ಹತ್ತರ ಕಂತೆ ಮಾಡಿದರೆ ಒಂದು, ಇಪ್ಪತ್ತರ ಕಂತೆ ಮಾಡಿದರೆ ಇನ್ನೊಂದು ಆಗುವುದುಂಟು. ಎರಡೂ ಮಾಡಿ ನೋಡಿ, ಎರಡರಲ್ಲೂ ನಿಂತದ್ದನ್ನು ಮಾತ್ರ ಹೇಳಿ.

ತರಗತಿಯಲ್ಲಿ ಪರೀಕ್ಷಿಸಲು

ವಿದ್ಯಾರ್ಥಿಗಳು ಯಾವ ರೂಪ ಬಳಸುತ್ತಾರೆ ಎಂದು ತಿಳಿಯಲು ಬಿಟ್ಟಸ್ಥಳದ ವಾಕ್ಯ ಸಾಕು. ಆವರಣದಲ್ಲಿ ವಿ-1 ಮಾತ್ರ ಕೊಡಿ. ಎರಡು ರೂಪ ಕೊಟ್ಟು ಆರಿಸಿ ಅಂದರೆ ಯಾವುದು ‘ಸರಿ’ ಎಂದು ಊಹಿಸಲು ಹೊರಡುತ್ತಾರೆ. ಇಪ್ಪತ್ತು ವಾಕ್ಯಗಳಲ್ಲಿ ಎಂಟು ನಿಮಗೆ ಬೇಕಾದವು, ಉಳಿದವು ಗೋ, ಪ್ಲೇ, ಕಟ್‌ನಂಥವು ಇರಲಿ. ಅರ್ಧ ತರಗತಿಗೆ ತಿರುವುಮುರುವು ಕ್ರಮದಲ್ಲಿ ಕೊಡಿ. ವಿ-1, ವಿ-2 ಪಟ್ಟಿ ಒಪ್ಪಿಸಿದ ವಾರ ಮಾತ್ರ ಮಾಡಬೇಡಿ, ನೆನಪಿನ ಪರೀಕ್ಷೆಯಾಗಿಬಿಡುತ್ತದೆ. ‘ಸ್ಪ್ಲಿಂಗ್’ ಎಂಬಂಥ ಇಲ್ಲದ ಪದವನ್ನೂ ಒಂದೆರಡು ಸೇರಿಸಿ: ಸ್ಪ್ಲಿಂಗ್ಡ್ ಬರೆದವರಿಗೆ ‘ಇಡಿ’ ನಿಯಮ ಕೈಗೆ ಬಂದಿದೆ, ಸ್ಪ್ಲಂಗ್ ಅಥವಾ ಸ್ಪ್ಲ್ಯಾಂಗ್ ಬರೆದವರು ಸಿಂಗ್, ರಿಂಗ್‌ಗಳ ಜಾಡು ಹಿಡಿದಿದ್ದಾರೆ. ಎರಡೂ ಉತ್ತರ ತಪ್ಪಲ್ಲ. ಮಾತನ್ನು ರೆಕಾರ್ಡ್ ಮಾಡಿ ಎಣಿಸುವುದು ‘ಟಿ’–‘ಇಡಿ’ ಜೋಡಿಗೆ ಬೇಡ. ಮುಂದಿನ ಪದ ‘ಟು’ ಆಗಿಬಿಟ್ಟರೆ ಲರ್ನ್ಟೋ ಲರ್ನ್ಡೋ ಯಾವ ಕಿವಿಗೂ ತಿಳಿಯದು.

ತಿದ್ದುವಾಗ ಏನು ಮಾಡಬೇಕು? ನಿಘಂಟಿನಲ್ಲಿ ಎರಡೂ ರೂಪ ಇದ್ದರೆ ಕೆಂಪು ಶಾಯಿ ಬೇಡ. ಒಂದೇ ಪ್ರಬಂಧದಲ್ಲಿ ಮೊದಲ ಪುಟಕ್ಕೆ ಲರ್ನ್ಟ್, ಮೂರನೇ ಪುಟಕ್ಕೆ ಲರ್ನ್ಡ್ ಆದರೆ ಅಂಚಿನಲ್ಲಿ ಒಂದು ಗೆರೆ ಹಾಕಿ, ಅಂಕ ಕಳೆಯಬೇಡಿ. ಕ್ಯಾಚ್ಡ್, ಟೀಚ್ಡ್, ಪುಟ್ಟೆಡ್ ಇವು ತಪ್ಪೇ. ಕ್ಯಾಚ್ಡ್ 17–18ನೇ ಶತಮಾನದ ಪುಸ್ತಕಗಳಲ್ಲಿ ಇದೆ ಎಂದು ವಾದಿಸುವ ಹುಡುಗ ಸಿಕ್ಕರೆ ಪುಟ ತೋರಿಸು ಎನ್ನಿ, ತೋರಿಸಿದರೆ ಮುಂದಿನ ಪ್ರಾಜೆಕ್ಟ್ ಅವನಿಗೇ ಕೊಡಿ. ಬೋರ್ಡ್ ಪರೀಕ್ಷೆಯ ಮಾತು ಬೇರೆ: ಕೀ ಉತ್ತರದಲ್ಲಿ ಒಂದೇ ರೂಪ ಇದ್ದರೆ ಮೌಲ್ಯಮಾಪಕರು ಅದನ್ನೇ ಹಿಡಿಯಬಹುದು, ಹಾಗಾಗಿ ಪಠ್ಯಪುಸ್ತಕದಲ್ಲಿ ಅಚ್ಚಾದ ರೂಪವನ್ನೇ ಬರೆಯುವಂತೆ ಮಕ್ಕಳಿಗೆ ಮೊದಲೇ ಹೇಳಿಡಿ.